ಕೃಷ್ಣವಿವರದ ನಾದ

ಮಲೆನಾಡಿನ ಹಳ್ಳಿಶಾಲೆಗಳಲ್ಲಿ ಓದಿದವರು ಒಂದು ಗಂಟೆಯನ್ನು ಮರೆತಿರಲಾರರು. ಗಂಟೆಯೆಂದು ಕರೆಯುತ್ತಿದ್ದರೂ ಅದು ವಾಸ್ತವವಾಗಿ ಎರಡಡಿ ಉದ್ದದ ರೈಲುಕಂಬಿಯ ಒಂದು ತುಂಡು. ಜಗಲಿಯ ತೊಲೆಗೆ ದಪ್ಪ ತಂತಿಯಿಂದ ಅದನ್ನು ತೂಗುಬಿಟ್ಟಿರುತ್ತಾರೆ. ಹೊತ್ತಿಗೆ ಸರಿಯಾಗಿ ಜವಾನನು ಬಂದು ಕಬ್ಬಿಣದ ಸರಳಿನಿಂದ ಬಡಿಯುತ್ತಾನೆ. ಯಾರೂ ಇಲ್ಲದ ವೇಳೆ ನೋಡಿ ತುಂಟ ಹುಡುಗರು ಕಲ್ಲಿನಿಂದ ಕುಟ್ಟುವುದೂ ಉಂಟು. ಸರಳಿನಿಂದ ಬಡಿದರೂ ಕಲ್ಲಿನಿಂದ ಕುಟ್ಟಿದರೂ, ಮೆಲ್ಲಗೆ ಹೊಡೆದರೂ ಜೋರಾಗಿ ಹೊಡೆದರೂ, ಮೊದಲ ಕ್ಷಣದ ಕರ್ಕಶ ಸದ್ದು ಅಡಗಿದ ಮೇಲೆ ಉಳಿಯುವ ದನಿಯ ಶ್ರುತಿ ಒಂದೇ. ಪಕ್ಕದೂರಿನ ಶಾಲೆಯ ತುಂಡು ಇನ್ನೂ ಗಿಡ್ಡದಾಗಿದ್ದರೆ ಅದರ ದನಿ ಇನ್ನೂ ಕೀರಲು. ಗದ್ದೆಯಾಚೆಯಿಂದ ಕೇಳಿಯೇ ಇದು ನಮ್ಮ ಶಾಲೆಯ ಗಂಟೆ, ಅದು ಅವರದು ಎಂದು ಹೇಳಿಬಿಡಬಹುದು. ಬಡಿದವನು ಯಾರೆಂಬುದನ್ನು ಆ ದನಿ ಹೇಳುವುದಿಲ್ಲ. ಬಡಿಸಿಕೊಂಡ ವಸ್ತು ಎಂಥದೆಂಬುದನ್ನು ಹೇಳುತ್ತದೆ.

ಈ ರೈಲುಕಂಬಿಯ ನೆನಪು ನನಗೆ ಮರಳಿ ಬಂದದ್ದು ಒಬ್ಬ ವಿದ್ಯಾರ್ಥಿಯ ದೆಸೆಯಿಂದ. ಭದ್ರಾವತಿಯಿಂದ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಓದಲು ಬರುವ ಹುಡುಗರಲ್ಲಿ ಆತನೂ ಒಬ್ಬ. ತಂದೆ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿರುವ ಈತನಿಗೆ ತಂತು ಸಿದ್ಧಾಂತ, ವಿಶ್ವವಿಜ್ಞಾನ ಎಂಬ ಎರಡು ಮಾತುಗಳು ಹೇಗೋ ತಲೆಗೆ ಹತ್ತಿಬಿಟ್ಟಿವೆ. ಒಂದು ದಿನ ಪ್ರಯೋಗಾಲಯದಲ್ಲಿ ಎಲ್ಲರೂ ಹೊರಟುಹೋದ ಮೇಲೆ ನನ್ನ ಮೇಜಿನ ಬಳಿ ನಿಂತು ಕೇಳಿದ: “ಸಾರ್, ಯಾರೂ ಕಾಣದ, ಯಾರೂ ಮುಟ್ಟಲಾಗದ ವಸ್ತುಗಳ ಮೇಲೆ ಲೆಕ್ಕ ಹಾಕುತ್ತ ಆಯುಷ್ಯ ಕಳೆಯಬಹುದೆ? ಆ ಲೆಕ್ಕ ಸರಿಯೋ ತಪ್ಪೋ ಎಂಬುದು ನಾವು ಬದುಕಿರುವಾಗ ಗೊತ್ತಾಗದೆ ಹೋದರೆ?”

ಮನೆಯಲ್ಲಿ ಬೇರೆ ಬಗೆಯ ಪ್ರಶ್ನೆಗಳನ್ನೂ ಕೇಳಿರಬೇಕು. ಅವನ್ನು ಆತ ಹೇಳಲಿಲ್ಲ. ಆದರೆ ಈ ಪ್ರಶ್ನೆಯನ್ನು ಹಾರಿಸಿಬಿಡುವಂತಿರಲಿಲ್ಲ. ಹೌದು ಎಂದರೂ ಅಲ್ಲ ಎಂದರೂ ಅದು ಬರಿಯ ಅಭಿಪ್ರಾಯವಾಗುತ್ತಿತ್ತು. ಆದ್ದರಿಂದ ನಾನು ಆತನಿಗೆ ನಮ್ಮ ನಾಡಿನವರೇ ಆದ ಒಬ್ಬ ಭೌತವಿಜ್ಞಾನಿಯ ಕಥೆಯನ್ನು ಹೇಳಿದೆ. ಅದನ್ನೇ ಇಲ್ಲಿ ಇನ್ನಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಭದ್ರಾವತಿಯವರಿಗೆ ‘ವಿಶ್ವೇಶ್ವರ’ ಎಂದೊಡನೆ ನೆನಪಾಗುವ ಹೆಸರು ಬೇರೆಯದು. 1923ರಲ್ಲಿ ಕಬ್ಬಿಣ ಕರಗಿಸಲು ಮೊದಲು ಮಾಡಿದ ಅಲ್ಲಿನ ಕಾರ್ಖಾನೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತಿದೆ. ನಾನು ಹೇಳಹೊರಟಿರುವವರು ಸಿ. ವಿ. ವಿಶ್ವೇಶ್ವರ. ಇವರು ಕರಗಿಸಿದ್ದು ಕಬ್ಬಿಣವನ್ನಲ್ಲವಾದರೂ ಇವರ ಕಥೆ ಆರಂಭವಾಗಬೇಕಾದುದು ಕಬ್ಬಿಣದಿಂದಲೇ.

ನಕ್ಷತ್ರವೆಂಬುದು ಒಂದು ಬೈಜಿಕ ಕುಲುಮೆ. ಹೈಡ್ರೊಜನ್ ಬೆಸೆದು ಹೀಲಿಯಂ ಆಗುವಾಗ ಶಕ್ತಿ ಹೊರಬರುತ್ತದೆ. ಸೂರ್ಯನಲ್ಲಿ ಈಗ ನಡೆಯುತ್ತಿರುವುದು ಇದೇ. ಸೂರ್ಯನಿಗಿಂತ ಸುಮಾರು 8 ಮಡಿಗೂ ಹೆಚ್ಚು ತೂಕದ ನಕ್ಷತ್ರಗಳಲ್ಲಿ ಈ ಬೆಸುಗೆ ಮುಂದುವರಿದು ಇಂಗಾಲ, ಆಮ್ಲಜನಕ, ಸಿಲಿಕಾನ್‌ಗಳನ್ನು ದಾಟಿ ಕೊನೆಗೆ ಕಬ್ಬಿಣಕ್ಕೆ ಬಂದು ನಿಲ್ಲುತ್ತದೆ. ಕಬ್ಬಿಣದ ಬೀಜಗಳು ಎಷ್ಟು ಬಿಗಿಯಾಗಿ ಕಟ್ಟಿಕೊಂಡಿವೆಯೆಂದರೆ ಅವನ್ನು ಇನ್ನೂ ಬೆಸೆಯಹೋದರೆ ಶಕ್ತಿ ಬರುವುದಿಲ್ಲ, ನಾವೇ ಶಕ್ತಿ ಕೊಡಬೇಕಾಗುತ್ತದೆ. ಒಲೆಯಲ್ಲಿ ಸೌದೆ ಮುಗಿದು ಬೂದಿ ಉಳಿದಂತೆ, ನಕ್ಷತ್ರದ ಗರ್ಭದಲ್ಲಿ ಕಬ್ಬಿಣ ಉಳಿಯುತ್ತದೆ. ಆ ಕಬ್ಬಿಣದ ತಿರುಳು ಸೂರ್ಯನ ತೂಕದ ಸುಮಾರು 1.4ರಷ್ಟನ್ನು ಮುಟ್ಟಿದಾಗ ತನ್ನ ಭಾರವನ್ನು ತಾನೇ ತಾಳಲಾರದೆ ಒಂದು ಸೆಕೆಂಡಿಗೂ ಕಡಿಮೆ ಕಾಲದಲ್ಲಿ ಕುಸಿಯುತ್ತದೆ. ಅನೇಕ ನಕ್ಷತ್ರಗಳು ಆಗ ಸ್ಫೋಟಿಸಿ ತಮ್ಮಲ್ಲಿದ್ದುದನ್ನು ಬಾಹ್ಯಾಕಾಶಕ್ಕೆ ಚೆಲ್ಲುತ್ತವೆ. ಕೆಮ್ಮಣ್ಣುಗುಂಡಿಯ ಅದಿರಿನಲ್ಲಿರುವ ಕಬ್ಬಿಣವೆಲ್ಲ ಹೀಗೆ ಸ್ಫೋಟಿಸಿದ ಒಂದಲ್ಲ ಒಂದು ಬಗೆಯ ನಕ್ಷತ್ರದಿಂದ ಬಂದುದೇ. ಆದರೆ ಕುಸಿದ ತಿರುಳಿನ ತೂಕ ಸೂರ್ಯನ ಎರಡು-ಮೂರು ಪಟ್ಟನ್ನು ಮೀರಿತೆಂದರೆ ಕುಸಿತವನ್ನು ತಡೆಯುವ ಬಲ ಪ್ರಕೃತಿಯಲ್ಲಿ ಯಾವುದೂ ಇಲ್ಲ. ಅದು ಕೃಷ್ಣವಿವರವಾಗುತ್ತದೆ.

ಕೃಷ್ಣವಿವರದ ಗಾತ್ರವನ್ನು ಲೆಕ್ಕ ಹಾಕುವುದು ಬಹಳ ಸುಲಭ. ಸೂರ್ಯನ ತೂಕವೊಂದಕ್ಕೆ 3 ಕಿಲೋಮೀಟರ್ ತ್ರಿಜ್ಯವೆಂದು ಇಟ್ಟುಕೊಂಡರಾಯಿತು. ಮೂರು ಸೂರ್ಯರ ತೂಕದ ಕೃಷ್ಣವಿವರಕ್ಕೆ 9 ಕಿಲೋಮೀಟರ್ ತ್ರಿಜ್ಯ, 18 ಕಿಲೋಮೀಟರ್ ವ್ಯಾಸ. ಅಂದರೆ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಣ ದೂರದಲ್ಲಿ ಅದು ಹೆಚ್ಚುಕಡಿಮೆ ಹಿಡಿಸುತ್ತದೆ. ನಮ್ಮ ಇಡೀ ಭೂಮಿಯನ್ನು ಹಾಗೆ ಹಿಂಡಬಹುದಾದರೆ ಅದು ಹುಡುಗರಾಡುವ ಗೋಲಿಯಷ್ಟಾದೀತು. ಈ ಮಿತಿಯ ಗೋಳವನ್ನು ಘಟನಾ ದಿಗಂತ ಎನ್ನುತ್ತಾರೆ. ಒಳಹೋದ ಬೆಳಕು ಮತ್ತೆ ಹೊರಬಾರದು. ಈ ತ್ರಿಜ್ಯದ ಸೂತ್ರ ಅಡಗಿರುವ ಪರಿಹಾರವನ್ನು ಐನ್‌ಸ್ಟೈನರ ಸಮೀಕರಣಗಳಿಂದ ಮೊದಲು ಬಿಡಿಸಿ ತೆಗೆದವನು ಜರ್ಮನಿಯ ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್. ಮೊದಲ ಮಹಾಯುದ್ಧದ ರಷ್ಯನ್ ರಣರಂಗದಲ್ಲಿದ್ದುಕೊಂಡೇ ಅವನು ಈ ಲೆಕ್ಕ ಮಾಡಿದ. 1916ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷ ಅವನು ತೀರಿಕೊಂಡ.

ಆಮೇಲೆ ಸುಮಾರು ಅರ್ಧ ಶತಮಾನ ಕಾಲ ಈ ಪರಿಹಾರವು ಗಣಿತದ ಒಂದು ವೈಚಿತ್ರ್ಯವಾಗಿ ಪುಸ್ತಕಗಳಲ್ಲಿ ಕುಳಿತಿತ್ತು. ಅಂಥ ವಸ್ತು ಜಗತ್ತಿನಲ್ಲಿ ನಿಜವಾಗಿ ಇರಬಲ್ಲುದೆ ಎಂದು ಕೇಳಿದವರು ಕೆಲವರೇ.

ವಿಶ್ವೇಶ್ವರರು ಹುಟ್ಟಿದ್ದು 1938ರ ಮಾರ್ಚ್ 6ರಂದು, ಬೆಂಗಳೂರಿನಲ್ಲಿ. ತಂದೆ ಸಿ. ಕೆ. ವೆಂಕಟರಾಮಯ್ಯನವರು ಕನ್ನಡದ ವಿದ್ವಾಂಸರು. 1947ರಲ್ಲಿ ಹರಪನಹಳ್ಳಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಮಗ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1958ರಲ್ಲಿ ಬಿ.ಎಸ್‌ಸಿ. ಆನರ್ಸ್, ಮರುವರ್ಷ ಎಂ.ಎಸ್‌ಸಿ. ಪದವಿ ಪಡೆದರು. ಅಂದು ಬೆಂಗಳೂರಿಗೆ ತನ್ನದೇ ಆದ ವಿಶ್ವವಿದ್ಯಾನಿಲಯವಿರಲಿಲ್ಲ. ಸೆಂಟ್ರಲ್ ಕಾಲೇಜೂ ಶಿವಮೊಗ್ಗದ ಸಹ್ಯಾದ್ರಿ ಕಾಲೇಜೂ ಒಂದೇ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಈ ವಿವರವನ್ನು ಬೇಕೆಂದೇ ಹೇಳುತ್ತಿದ್ದೇನೆ. ದೊಡ್ಡ ಸಂಶೋಧನೆಗೆ ದೊಡ್ಡ ಹೆಸರಿನ ಸಂಸ್ಥೆಯಲ್ಲೇ ಓದು ಆರಂಭಿಸಿರಬೇಕೆಂಬ ಭ್ರಮೆ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಬಲವಾಗಿದೆ.

ಅಲ್ಲಿಂದ ಅವರು ಅಮೆರಿಕಕ್ಕೆ ಹೋಗಿ ಮೊದಲು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲೂ ಆಮೇಲೆ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಎಂಬ ಸಾಪೇಕ್ಷತಾ ಪಂಡಿತರ ಬಳಿಯೂ ಕಲಿತರು. 1968ರಲ್ಲಿ ಡಾಕ್ಟರೇಟ್ ದೊರೆಯಿತು. ಅವರು ಕೈಗೆತ್ತಿಕೊಂಡ ಪ್ರಶ್ನೆ ಕೇಳಲು ಸರಳವಾದುದು: ಶ್ವಾರ್ಟ್ಸ್‌ಚೈಲ್ಡ್ ಹೇಳಿದ ವಸ್ತುವನ್ನು ಸ್ವಲ್ಪ ತಳ್ಳಿದರೆ ಏನಾಗುತ್ತದೆ? ‘ಕೃಷ್ಣವಿವರ’ ಎಂಬ ಅರ್ಥದ ಇಂಗ್ಲಿಷ್ ಹೆಸರು ಕೂಡ ಆಗಷ್ಟೇ ರೂಢಿಗೆ ಬರುತ್ತಿತ್ತು. ಜಾನ್ ವ್ಹೀಲರ್ ಅದನ್ನು ಸಭೆಯಲ್ಲಿ ಬಳಸಿ ಪ್ರಚಾರಕ್ಕೆ ತಂದದ್ದು 1967ರ ಕೊನೆಯಲ್ಲಿ.

ತಳ್ಳುವ ಪ್ರಶ್ನೆ ಏಕೆ ಮುಖ್ಯ? ಬಾಣಲೆಯ ತಳದಲ್ಲಿರುವ ಗೋಲಿಯನ್ನು ಸ್ವಲ್ಪ ಸರಿಸಿದರೆ ಅದು ಅತ್ತಿತ್ತ ಹೊರಳಿ ಮತ್ತೆ ತಳಕ್ಕೇ ಬಂದು ನಿಲ್ಲುತ್ತದೆ. ಕವುಚಿ ಹಾಕಿದ ಬಾಣಲೆಯ ನೆತ್ತಿಯ ಮೇಲಿರುವ ಗೋಲಿಯೂ ಸಮತೋಲದಲ್ಲೇ ಇದೆ. ಆದರೆ ನೊಣ ಕುಳಿತರೂ ಅದು ಉರುಳಿಹೋಗುತ್ತದೆ. ಲೆಕ್ಕದ ಹಾಳೆಯಲ್ಲಿ ಎರಡೂ ಸರಿಯಾದ ಪರಿಹಾರಗಳು. ಲೋಕದಲ್ಲಿ ಕಾಣಸಿಗುವುದು ಮೊದಲನೆಯದು ಮಾತ್ರ, ಏಕೆಂದರೆ ಲೋಕದಲ್ಲಿ ನೊಣಗಳಿಗೆ ಬರವಿಲ್ಲ. ಕೃಷ್ಣವಿವರವು ಎರಡನೆಯ ಜಾತಿಗೆ ಸೇರಿದ್ದರೆ ಆಕಾಶದಲ್ಲಿ ಅದನ್ನು ಹುಡುಕುವ ಶ್ರಮವೇ ವ್ಯರ್ಥ. 1957ರಲ್ಲಿ ಇಟಲಿಯ ತುಲ್ಲಿಯೊ ರೆಜ್ಜೆಯೂ ವ್ಹೀಲರ್ ಅವರೂ ಈ ಪ್ರಶ್ನೆಗೆ ಕೈಹಾಕಿದ್ದರು. ಆದರೆ ಶ್ವಾರ್ಟ್ಸ್‌ಚೈಲ್ಡ್ ಬಳಸಿದ ನಿರ್ದೇಶಾಂಕಗಳು ಘಟನಾ ದಿಗಂತದ ಬಳಿ ಕೆಟ್ಟುಹೋಗುತ್ತವೆ. ಗೋಡೆಯ ಭೂಪಟದಲ್ಲಿ ಉತ್ತರಧ್ರುವದ ಬಳಿ ಎಲ್ಲವೂ ಹಿಗ್ಗಿ ವಿಕಾರವಾಗುತ್ತದಲ್ಲವೆ? ಅದು ಧ್ರುವದ ತಪ್ಪಲ್ಲ, ಭೂಪಟದ ತಪ್ಪು. 1960ರಲ್ಲಿ ಮಾರ್ಟಿನ್ ಕ್ರುಸ್ಕಲ್ ದಿಗಂತದ ಮೇಲೂ ಕೆಡದ ನಿರ್ದೇಶಾಂಕಗಳನ್ನು ಪ್ರಕಟಿಸಿದ್ದನು. ವಿಶ್ವೇಶ್ವರರು ಅವನ್ನು ಬಳಸಿ, ಕಾಲ ಕಳೆದಂತೆ ಬೆಳೆಯುತ್ತ ಹೋಗುವ ಕಂಪನಗಳು ದಿಗಂತದ ಮೇಲೆ ಅನಂತವಾಗಿಬಿಡುವುದರಿಂದ ಅಂಥವು ನಿಜಸ್ಥಿತಿಯಲ್ಲಿ ಆರಂಭವಾಗಲಾರವೆಂದು ತೋರಿಸಿದರು. ಅಂದರೆ ಕೃಷ್ಣವಿವರ ಸ್ಥಿರ. 1970ರಲ್ಲಿ ಪ್ರಕಟವಾದ ಈ ವಾದವನ್ನು ಮುಂದೆ ಇತರರು ಇನ್ನಷ್ಟು ಬಿಗಿಗೊಳಿಸಿದರು.

ಇಷ್ಟಾದ ಮೇಲೆ ಅವರು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಂಡರು. ಅವರ ಹೆಸರು ಉಳಿದಿರುವುದು ಈ ಎರಡನೆಯ ಪ್ರಶ್ನೆಯಿಂದಲೇ. ಕೃಷ್ಣವಿವರ ಕಾಣುವುದಿಲ್ಲ. ಕಾಣದ ವಸ್ತುವನ್ನು ಗುರುತಿಸುವುದು ಹೇಗೆ? ಕತ್ತಲೆಯ ಕೋಣೆಯಲ್ಲಿ ಏನಿದೆಯೆಂದು ತಿಳಿಯಲು ನಾವು ಕಲ್ಲೆಸೆದು ಸದ್ದು ಕೇಳುತ್ತೇವೆ. ವಿಶ್ವೇಶ್ವರರು ಕೃಷ್ಣವಿವರದ ಮೇಲೆ ಗುರುತ್ವ ತರಂಗದ ತುಣುಕುಗಳನ್ನು ಎಸೆದರು, ಅಂದರೆ ಸಮೀಕರಣಗಳಲ್ಲಿ ಎಸೆದು ಗಣಕಯಂತ್ರದ ನೆರವಿನಿಂದ ಫಲಿತಾಂಶ ನೋಡಿದರು. ಎಸೆದ ತರಂಗ ತುಂಬ ಅಗಲವಾಗಿದ್ದಾಗ ವಿಶೇಷವೇನೂ ನಡೆಯಲಿಲ್ಲ. ತುಂಗೆಯಲ್ಲಿ ನೆರೆ ಬಂದಾಗ ನಡುನೀರಿನ ಗುಂಡುಕಲ್ಲೊಂದು ನೆರೆಯ ಆಕಾರವನ್ನು ಬದಲಿಸಲಾರದಷ್ಟೆ. ತರಂಗವನ್ನು ಕಿರಿದುಮಾಡುತ್ತ ಹೋದಂತೆ, ಅದರ ಅಗಲ ಕೃಷ್ಣವಿವರದ ಗಾತ್ರಕ್ಕೆ ಸಮನಾಗುತ್ತಲೇ, ಚದರಿ ಹೊರಬಂದ ತರಂಗದಲ್ಲಿ ಒಂದು ಹೊಸ ಲಕ್ಷಣ ಕಾಣಿಸಿತು. ನಿರ್ದಿಷ್ಟ ಆವರ್ತಾಂಕದಲ್ಲಿ ಏರಿಳಿಯುತ್ತ, ನಿರ್ದಿಷ್ಟ ವೇಗದಲ್ಲಿ ಕುಂದುತ್ತ ಹೋಗುವ ಒಂದು ಬಾಲ. ಎಸೆದ ತುಣುಕನ್ನು ಇನ್ನೂ ಕಿರಿದುಮಾಡಿದರೂ ಬಾಲ ಬದಲಾಗಲಿಲ್ಲ. ರೈಲುಕಂಬಿಯನ್ನು ಸರಳಿನಿಂದ ಬಡಿದರೂ ಕಲ್ಲಿನಿಂದ ಕುಟ್ಟಿದರೂ ಉಳಿಯುವ ಶ್ರುತಿ ಒಂದೇ ಎಂದೆನಲ್ಲ, ಹಾಗೆ. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು-ಮೂರು ಪುಟಗಳ ಲೇಖನವಾಗಿ ಇದು ಹೊರಬಂತು. ಈ ಕಂಪನಗಳಿಗೆ ‘ಅರೆ-ಸಹಜ ಕಂಪನ’ ಎಂಬ ಅರ್ಥದ ಹೆಸರನ್ನು ಮರುವರ್ಷ ಕೊಟ್ಟವನು ವಿಲಿಯಂ ಪ್ರೆಸ್.

ಕೃಷ್ಣವಿವರದಲ್ಲಿ ಕಂಬಿಯೂ ಇಲ್ಲ ಕಂಚೂ ಇಲ್ಲ, ನುಡಿಯುವುದು ಯಾವುದು? ದೇಶ-ಕಾಲವೇ ನುಡಿಯುತ್ತದೆ. ತಿರುಗದ ಕೃಷ್ಣವಿವರದ ಸುತ್ತ, ಅದರ ತ್ರಿಜ್ಯದ ಒಂದೂವರೆ ಪಟ್ಟು ದೂರದಲ್ಲಿ, ಬೆಳಕು ಕೂಡ ವೃತ್ತಾಕಾರವಾಗಿ ಸುತ್ತಬಲ್ಲುದು. ಅಲ್ಲಿಗೆ ಬಂದ ತರಂಗ ಕ್ಷಣಕಾಲ ಸಿಕ್ಕಿಬಿದ್ದು ಸುತ್ತುತ್ತದೆ. ಸುತ್ತುತ್ತಲೇ ಸ್ವಲ್ಪ ಒಳಕ್ಕೂ ಸ್ವಲ್ಪ ಹೊರಕ್ಕೂ ಸೋರಿಹೋಗುತ್ತದೆ. ಹೊರಕ್ಕೆ ಸೋರಿದ್ದೇ ನಮಗೆ ದೊರೆಯುವ ದನಿ. ಒಳ್ಳೆಯ ದೇವಾಲಯದ ಗಂಟೆ ಒಮ್ಮೆ ಬಡಿದರೆ ಸಾವಿರಾರು ಬಾರಿ ಕಂಪಿಸಿ ಸುಮ್ಮನಾಗುತ್ತದೆ. ಕೃಷ್ಣವಿವರ ಕೆಲವೇ ಬಾರಿ ಕಂಪಿಸಿ ನಿಶ್ಶಬ್ದವಾಗುತ್ತದೆ. ಹೆಸರಿನಲ್ಲಿ ‘ಅರೆ’ ಎಂಬುದು ಸೇರಿಕೊಂಡದ್ದು ಈ ಕಾರಣದಿಂದ. ಗಂಟೆಯ ದನಿ ಅದರ ಲೋಹವನ್ನೂ ಆಕಾರವನ್ನೂ ಅವಲಂಬಿಸುತ್ತದೆ. ಕೃಷ್ಣವಿವರಕ್ಕೆ ಲೋಹವೆಂಬುದಿಲ್ಲ, ಅದರೊಳಗೆ ಭದ್ರಾವತಿಯ ಕಬ್ಬಿಣವನ್ನೇ ಸುರಿಯಿರಿ, ಸಾಗರದ ಗಂಧವನ್ನೇ ಸುರಿಯಿರಿ, ಹೊರಗಿನವರಿಗೆ ಉಳಿಯುವುದು ತೂಕ ಮತ್ತು ತಿರುಗುವ ವೇಗ ಮಾತ್ರ. ವಿದ್ಯುದಂಶವೂ ಇರಬಹುದಾದರೂ ಆಕಾಶದಲ್ಲಿ ಅದು ನಗಣ್ಯ. ಆದ್ದರಿಂದ ಆವರ್ತಾಂಕವನ್ನೂ ಕುಂದುವ ವೇಗವನ್ನೂ ಅಳೆದರೆ ತೂಕ, ತಿರುಗುವಿಕೆ ಎರಡೂ ತಿಳಿದುಬಿಡುತ್ತವೆ. ಸೂರ್ಯನ ತೂಕದ, ತಿರುಗದ ಕೃಷ್ಣವಿವರವೊಂದಿದ್ದರೆ ಅದರ ಮುಖ್ಯ ಆವರ್ತಾಂಕ ಸೆಕೆಂಡಿಗೆ ಸುಮಾರು 12,000. ತೂಕ ಹತ್ತು ಪಟ್ಟಾದರೆ 1,200. ನಮ್ಮ ಆಕಾಶಗಂಗೆಯ ನಡುವಿನಲ್ಲಿರುವ, 40 ಲಕ್ಷ ಸೂರ್ಯರಿಗೂ ಮಿಗಿಲಾದ ತೂಕದ ಕೃಷ್ಣವಿವರವನ್ನು ಇದೇ ಲೆಕ್ಕದಲ್ಲಿ ಬಡಿದರೆ ಒಂದು ಏರಿಳಿತಕ್ಕೆ ಆರು ನಿಮಿಷ ಹಿಡಿಯುತ್ತದೆ.

ಇನ್ನು ಕೇಳುವ ಕಿವಿಯ ಮಾತು. ಮೇರಿಲ್ಯಾಂಡಿನಲ್ಲೇ ಆ ಕಾಲದಲ್ಲಿ ಜೋಸೆಫ್ ವೆಬರ್ ಎಂಬಾತ ಅಲ್ಯೂಮಿನಿಯಮ್ಮಿನ ದೊಡ್ಡ ದಿಂಡುಗಳನ್ನು ತಂತಿಯಿಂದ ತೂಗುಬಿಟ್ಟು, ಗುರುತ್ವ ತರಂಗ ಬಂದು ಬಡಿದರೆ ಅವು ಮಿಡಿಯುವುವೆಂದು ಕಾದಿದ್ದನು. 1969ರಲ್ಲಿ ಮಿಡಿದುವೆಂದು ಘೋಷಿಸಿದ. ಬೇರೆಯವರು ಅಂಥವೇ ದಿಂಡುಗಳನ್ನು ಕಟ್ಟಿ ಕಾದರು; ಅವರಿಗೆ ಏನೂ ದೊರೆಯಲಿಲ್ಲ. ಹೀಗೆ ವಿಶ್ವೇಶ್ವರರ ದನಿ ಕೇಳುವವರಿಲ್ಲದೆ ಉಳಿಯಿತು. ಎಸ್. ಚಂದ್ರಶೇಖರ್ ಮತ್ತು ಸ್ಟೀವನ್ ಡೆಟ್ವೈಲರ್ 1975ರಲ್ಲಿ ಆ ಆವರ್ತಾಂಕಗಳನ್ನು ನಿಖರವಾಗಿ ಗಣಿಸಿದರು. ಗಣಿತ ಬೆಳೆಯುತ್ತಲೇ ಇತ್ತು, ಆಕಾಶ ಮೌನವಾಗಿತ್ತು.

ಆ ಮೌನದ ವರ್ಷಗಳಲ್ಲಿ ವಿಶ್ವೇಶ್ವರರು ಏನು ಮಾಡುತ್ತಿದ್ದರು? 1976ರಲ್ಲಿ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಸೇರಿದರು. 1992ರಿಂದ ಭಾರತೀಯ ಖಭೌತ ಸಂಸ್ಥೆಯಲ್ಲಿದ್ದರು. ಕೃಷ್ಣವಿವರವನ್ನು ಬರಿದಾದ ಆಕಾಶದಲ್ಲಿಡುವ ಬದಲು ವಿಶ್ವದ ನಡುವಿನಲ್ಲಿಟ್ಟರೆ ಅದರ ಲಕ್ಷಣಗಳು ಹೇಗೆ ಬದಲಾಗುತ್ತವೆಂದು ವಿಚಾರಿಸಿದರು. ಇದು ವಿಶ್ವವಿಜ್ಞಾನಕ್ಕೆ ಹೊಂದಿಕೊಂಡ ಪ್ರಶ್ನೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸುವ ಹೊಣೆ ಹೊತ್ತರು. ಅಲ್ಲಿನ ಪ್ರದರ್ಶನಗಳಿಗೆ ಬರಹ ಸಿದ್ಧಪಡಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಅಲ್ಲಿ ಭೌತವಿಜ್ಞಾನದ ತರಗತಿಗಳು ನಡೆಯುವಂತಾಯಿತು. ಸಮ್ಮೇಳನಗಳಲ್ಲಿ ಗಂಭೀರ ಭಾಷಣಗಳು ಸಾಗಿರುವಾಗ ವ್ಯಂಗ್ಯಚಿತ್ರ ಬಿಡಿಸುವುದು ಅವರ ಅಭ್ಯಾಸ. ಆ ಚಿತ್ರಗಳು ಸಮ್ಮೇಳನದ ಗ್ರಂಥಗಳಲ್ಲೂ ಅಚ್ಚಾಗಿವೆ. ಸ್ನೇಹಿತರಿಗೆ ಅವರು ‘ವಿಶು’. ತಮ್ಮ ಲೆಕ್ಕಕ್ಕೆ ಆಕಾಶದಿಂದ ಪುರಾವೆ ಬರಲಿಲ್ಲವೆಂದು ಕೈಕಟ್ಟಿ ಕುಳಿತ ಮನುಷ್ಯನ ದಿನಚರಿ ಇದಲ್ಲ.

ರಾಮನ್ ಸಂಸ್ಥೆಯಲ್ಲಿ ಅವರ ಸಹೋದ್ಯೋಗಿಯಾಗಿದ್ದ ಬಾಲಾ ಅಯ್ಯರ್ ಅವರು ಫ್ರಾನ್ಸಿನ ವಿಜ್ಞಾನಿಗಳೊಡನೆ ಸೇರಿ ಇನ್ನೊಂದು ತುದಿಯಿಂದ ಕೆಲಸ ಮಾಡಿದರು. ಎರಡು ಕೃಷ್ಣವಿವರಗಳು ಒಂದನ್ನೊಂದು ಸುತ್ತುತ್ತ ಹತ್ತಿರವಾಗುವಾಗ ಹೊಮ್ಮುವ ತರಂಗದ ರೂಪವನ್ನು ಅವರು ಲೆಕ್ಕ ಹಾಕಿದರು. ಸುತ್ತುವ ಭಾಗ, ಕೂಡುವ ಭಾಗ, ಕೂಡಿದ ಮೇಲೆ ನಾದ ಅಡಗುವ ಭಾಗ ಎಂದು ಇಡೀ ತರಂಗದಲ್ಲಿ ಮೂರು ಅಂಗಗಳು. ಮೊದಲನೆಯದಕ್ಕೂ ಮೂರನೆಯದಕ್ಕೂ ಬೆಂಗಳೂರಿನ ಒಂದೇ ಸಂಸ್ಥೆಯ ನಂಟಿದೆ. ಗದ್ದಲದಲ್ಲಿ ಹೂತ ಅಂಥ ತರಂಗವನ್ನು ಸೋಸಿ ತೆಗೆಯುವ ವಿಧಾನವನ್ನು 1991ರಲ್ಲಿ ರೂಪಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಬಿ. ಎಸ್. ಸತ್ಯಪ್ರಕಾಶರೂ ಪುಣೆಯ ಸಂಜೀವ ಧುರಂಧರರೂ ಸೇರಿದ್ದಾರೆ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಎರಡು ಕಡೆಗಳಲ್ಲಿರುವ ಲೈಗೊ ಎಂಬ ಯಂತ್ರಗಳು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಮಿಡಿದುವು. ಒಂದೊಂದು ಯಂತ್ರಕ್ಕೂ 4 ಕಿಲೋಮೀಟರ್ ಉದ್ದದ ಎರಡು ತೋಳುಗಳು. ಅವುಗಳ ಉದ್ದದಲ್ಲಿ ಆದ ವ್ಯತ್ಯಾಸ ಪ್ರೋಟಾನಿನ ವ್ಯಾಸದ ನಾನೂರರಲ್ಲೊಂದು ಭಾಗದಷ್ಟು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ 36 ಮತ್ತು 29 ಸೂರ್ಯರ ತೂಕದ ಎರಡು ಕೃಷ್ಣವಿವರಗಳು ಕೂಡಿ 62 ಸೂರ್ಯರ ತೂಕದ ಒಂದಾಗಿದ್ದುವು. ಕೂಡಿಸಿ ನೋಡಿದ ವಾಚಕರು 65 ಆಗಬೇಕಿತ್ತಲ್ಲ ಎನ್ನಬಹುದು. ಉಳಿದ ಮೂರು ಸೂರ್ಯರಷ್ಟು ದ್ರವ್ಯ ಗುರುತ್ವ ತರಂಗಗಳ ಶಕ್ತಿಯಾಗಿ ಹರಡಿಹೋಯಿತು. ತರಂಗದ ತುದಿಯಲ್ಲಿ, ಹೊಸದಾಗಿ ಹುಟ್ಟಿದ ಕೃಷ್ಣವಿವರ ಸೆಕೆಂಡಿಗೆ ಸುಮಾರು 250 ಬಾರಿ ಕಂಪಿಸಿ, ಕೆಲವೇ ಸಾವಿರಾಂಶ ಸೆಕೆಂಡುಗಳಲ್ಲಿ ಶಾಂತವಾಯಿತು. ಅದು ಗಾಳಿಯಲ್ಲಿ ಬರುವ ಶಬ್ದವಲ್ಲ, ನಿಜ. ಶಬ್ದವಾಗಿ ಪರಿವರ್ತಿಸಿದರೆ ಹಾರ್ಮೋನಿಯಮ್ಮಿನ ‘ಬಿಳಿ ಒಂದ’ರ ಶ್ರುತಿಗಿಂತ ತುಸುವೇ ಕೆಳಗೆ ನಿಲ್ಲುತ್ತದೆ.

2016ರ ಫೆಬ್ರವರಿ 11ರಂದು ಈ ಸುದ್ದಿ ಲೋಕಕ್ಕೆ ತಿಳಿದಾಗ ವಿಶ್ವೇಶ್ವರರಿಗೆ 77 ವರ್ಷ. ‘ನೇಚರ್’ ಲೇಖನ ಬಂದು 45 ವರ್ಷಗಳು ಕಳೆದಿದ್ದವು. ಮರುವರ್ಷ ಜನವರಿ 16ರಂದು ಅವರು ತೀರಿಕೊಂಡರು. ಹನ್ನೊಂದು ತಿಂಗಳ ಅಂತರ. ತರಂಗ 130 ಕೋಟಿ ವರ್ಷ ಪಯಣಿಸಿ ಬಂದಿತ್ತು. ಇನ್ನೊಂದು ವರ್ಷ ತಡವಾಗಿದ್ದರೆ ಅವರು ಅದನ್ನು ನೋಡುತ್ತಿರಲಿಲ್ಲ.

2025ರ ಜನವರಿ 14ರಂದು ಬಂದ ಇನ್ನೊಂದು ತರಂಗ ಮೊದಲನೆಯದಕ್ಕಿಂತ ಸುಮಾರು ಮೂರು ಪಟ್ಟು ಸ್ಪಷ್ಟವಾಗಿತ್ತು. ಅದರಲ್ಲಿ ಮೂಲ ಸ್ವರದ ಜೊತೆಗೆ ಇನ್ನೂ ಬೇಗ ಅಡಗುವ ಮೇಲಿನ ಸ್ವರವೊಂದನ್ನೂ ಬೇರ್ಪಡಿಸಲಾಯಿತು. ಕೂಡುವ ಮುನ್ನ ಎರಡು ಕೃಷ್ಣವಿವರಗಳ ಮೇಲ್ಮೈ ಒಟ್ಟು 2,40,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ವಿಸ್ತಾರಕ್ಕಿಂತ ಕಾಲುಭಾಗದಷ್ಟು ಹೆಚ್ಚು. ಕೂಡಿದ ಮೇಲೆ ಸುಮಾರು 4,00,000. ಮೇಲ್ಮೈ ಎಂದಿಗೂ ಕಡಿಮೆಯಾಗದೆಂದು ಸ್ಟೀಫನ್ ಹಾಕಿಂಗ್ 1971ರಲ್ಲಿ ಸಾಧಿಸಿದ್ದನ್ನು ನಾದದ ನೆರವಿನಿಂದಲೇ ಪರೀಕ್ಷಿಸಿದಂತಾಯಿತು.

“ಇದು ಕೃಷ್ಣವಿವರದ ಮಾತಾಯಿತು ಸಾರ್, ತಂತು ಸಿದ್ಧಾಂತ?” ಎಂದು ಆ ವಿದ್ಯಾರ್ಥಿ ಬಿಡದೆ ಕೇಳಿದ.

ವಿಶ್ವೇಶ್ವರರು ಡಾಕ್ಟರೇಟ್ ಪಡೆದ 1968ರಲ್ಲೇ ಇಟಲಿಯ ಗೇಬ್ರಿಯೆಲೆ ವೆನೆಟ್ಸಿಯಾನೊ ಪರಮಾಣು ಬೀಜದೊಳಗಿನ ಕಣಗಳ ಡಿಕ್ಕಿಗಾಗಿ ಒಂದು ಸೂತ್ರ ಬರೆದ. ಆ ಸೂತ್ರದ ಹಿಂದೆ ಅಡಗಿರುವುದು ಕಂಪಿಸುವ ತಂತು ಎಂದು ಒಂದೆರಡು ವರ್ಷಗಳಲ್ಲೇ ತಿಳಿಯಿತು. ವೀಣೆಯ ಒಂದೇ ತಂತಿಯಿಂದ ಬೇರೆ ಬೇರೆ ಸ್ವರ ಹೊರಡುವಂತೆ ಒಂದೇ ಬಗೆಯ ತಂತುವಿನ ಬೇರೆ ಬೇರೆ ಕಂಪನಗಳೇ ಬೇರೆ ಬೇರೆ ಕಣಗಳು ಎಂಬುದು ಇದರ ತಿರುಳು. ಆ ಕಂಪನಗಳಲ್ಲಿ ಒಂದು ಗುರುತ್ವದ ಕಣವೇ ಎಂದು 1974ರಲ್ಲಿ ಕಂಡುಬಂತು. ಅಂದಿನಿಂದ ಗುರುತ್ವವನ್ನೂ ಕ್ವಾಂಟಂ ಸಿದ್ಧಾಂತವನ್ನೂ ಒಟ್ಟುಗೂಡಿಸುವ ಆಸೆ ಈ ತಂತುವಿನ ಮೇಲೆ ನಿಂತಿದೆ. ಪ್ರಯೋಗ ಇದನ್ನು ಇದುವರೆಗೆ ನೇರವಾಗಿ ಸಮರ್ಥಿಸಿಲ್ಲ. ತಂತುವಿನ ಉದ್ದ ಪ್ರೋಟಾನಿಗಿಂತ ಕೋಟಿ ಕೋಟಿ ಪಟ್ಟು ಚಿಕ್ಕದಿರಬಹುದಾದ ಕಾರಣ ನೇರ ಪರೀಕ್ಷೆ ಸದ್ಯದಲ್ಲಿ ಆಗುವಂತೆಯೂ ತೋರುವುದಿಲ್ಲ. ಇದನ್ನು ಮುಚ್ಚಿಟ್ಟು ವಿದ್ಯಾರ್ಥಿಗಳಿಗೆ ಆಸೆ ಹುಟ್ಟಿಸುವುದು ಸರಿಯಲ್ಲ.

ಆದರೂ ಕೃಷ್ಣವಿವರದ ಒಂದು ಒಗಟನ್ನು ಈ ಸಿದ್ಧಾಂತ ಬಿಡಿಸಿದೆ. ಕೃಷ್ಣವಿವರಕ್ಕೆ ತನ್ನ ಮೇಲ್ಮೈಗೆ ತಕ್ಕಷ್ಟು ಎಂಟ್ರೊಪಿ ಇದೆಯೆಂದು 1970ರ ದಶಕದಲ್ಲಿ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ ತೋರಿಸಿದರು. ಎಂಟ್ರೊಪಿ ಎಂದರೆ ಒಳಗಿನ ಬಿಡಿಭಾಗಗಳ ಜೋಡಣೆಗಳ ಎಣಿಕೆ. ತೂಕ, ತಿರುಗುವಿಕೆಗಳನ್ನು ಬಿಟ್ಟರೆ ಏನೂ ಇಲ್ಲದ ವಸ್ತುವಿನಲ್ಲಿ ಎಣಿಸಲು ಏನಿದೆ? 1995ರಲ್ಲಿ ನಮ್ಮ ದೇಶದ ಅಶೋಕ್ ಸೇನ್ ತಂತುವಿನ ಕಂಪನಗಳನ್ನು ಎಣಿಸಿ ಉತ್ತರದ ದಾರಿ ತೋರಿದರು. 1996ರಲ್ಲಿ ಸ್ಟ್ರಾಮಿಂಜರ್ ಮತ್ತು ವಾಫಾ ಒಂದು ವಿಶೇಷ ಬಗೆಯ ಕೃಷ್ಣವಿವರಕ್ಕೆ ಎಣಿಕೆ ಮಾಡಿದಾಗ ಅದು ಮೇಲ್ಮೈಯ ಸೂತ್ರಕ್ಕೆ ಸರಿಯಾಗಿ ಹೊಂದಿತು. ಸೇನ್ ಅವರು ಈಗ ಬೆಂಗಳೂರಿನ ಹೊರವಲಯದಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದಲ್ಲಿದ್ದಾರೆ.

ವಿಶ್ವೇಶ್ವರರ ಕಂಪನಗಳೂ ತಂತು ಸಿದ್ಧಾಂತದೊಳಗೆ ಹೊಸ ವೇಷದಲ್ಲಿ ಬಂದಿವೆ. ಒಂದು ಬಗೆಯ ಬಾಗಿದ ದೇಶ-ಕಾಲದಲ್ಲಿರುವ ಕೃಷ್ಣವಿವರವೂ ಗುರುತ್ವವೇ ಇಲ್ಲದ ಒಂದು ಬಿಸಿ ದ್ರವವೂ ಒಂದೇ ಗಣಿತದ ಎರಡು ಮುಖಗಳೆಂಬುದು 1997ರಲ್ಲಿ ಹುವಾನ್ ಮಾಲ್ಡಸೇನ ಸೂಚಿಸಿದ ಊಹೆಯಿಂದ ಹೊರಡುವ ವಿಚಾರ. 2000ದಲ್ಲಿ ಹೊರೊವಿಟ್ಸ್ ಮತ್ತು ಹುಬೆನಿ ಎಂಬಿಬ್ಬರು, ಕಲಕಿದ ಆ ದ್ರವ ಶಾಂತವಾಗಲು ಹಿಡಿಯುವ ಕಾಲವೇ ಕೃಷ್ಣವಿವರದ ನಾದ ಅಡಗುವ ಕಾಲ ಎಂದು ತೋರಿಸಿದರು. ಗುರುತ್ವ ತರಂಗಕ್ಕಾಗಿ ಹೊರಟ ಲೆಕ್ಕ ದ್ರವದ ಲೆಕ್ಕವಾಯಿತು. 1970ರಲ್ಲಿ ಇದನ್ನು ಊಹಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಇನ್ನು ಲೋಕವ್ಯವಹಾರದ ಮಾತು, ಬೇಗನೆ ಹೇಳಿ ಮುಗಿಸುತ್ತೇನೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್‌ಸಿ. ಮಾಡಿದರೂ ಸರಿಯೆ, ಬೇರೆಡೆ ಮಾಡಿದರೂ ಸರಿಯೆ. ಆಮೇಲೆ ಜೆಸ್ಟ್, ಗೇಟ್, ನೆಟ್ ಮೊದಲಾದ ಪ್ರವೇಶ ಪರೀಕ್ಷೆಗಳಿವೆ. ಸಂಶೋಧನಾ ವಿದ್ಯಾರ್ಥಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿಗಳ ವೇತನ 2023ರಿಂದ ಗೊತ್ತಾಗಿದೆ; ಅದು ಕೈಗೆ ಬರುವುದು ಎಲ್ಲ ಕಡೆಯೂ ತಿಂಗಳು ತಿಂಗಳಿಗೆ ಸರಿಯಾಗಿ ಅಲ್ಲ. ಡಾಕ್ಟರೇಟಿಗೆ ಐದಾರು ವರ್ಷ, ಆಮೇಲೆ ಊರಿಂದೂರಿಗೆ ಎರಡು-ಮೂರು ತಾತ್ಕಾಲಿಕ ಹುದ್ದೆಗಳು, ಕೊನೆಗೆ ಕಾಯಂ ಹುದ್ದೆ ದೊರೆಯುವುದು ಕೆಲವರಿಗೇ. ದೊರೆಯದವರು ನನ್ನ ಹಾಗೆ ಪಾಠ ಹೇಳಬಹುದು, ಗಣಕಯಂತ್ರದ ಕೆಲಸಕ್ಕೆ ಹೋಗಬಹುದು. ಲೆಕ್ಕ ಬಲ್ಲವನು ಉಪವಾಸ ಬಿದ್ದುದನ್ನು ನಾನಂತೂ ನೋಡಿಲ್ಲ. ಬಿ.ಎಸ್‌ಸಿ.ಯಲ್ಲಿರುವಾಗಲೇ ಅವಕಲ ಸಮೀಕರಣಗಳನ್ನೂ ಮಿಶ್ರಸಂಖ್ಯೆಗಳ ಗಣಿತವನ್ನೂ ಕೈಯಾರೆ ಮಾಡಿ ರೂಢಿಸಿಕೊಳ್ಳಬೇಕು. ತಂತು ಸಿದ್ಧಾಂತದ ಮೇಲಿನ ಚಲನಚಿತ್ರಗಳನ್ನು ಎಷ್ಟು ನೋಡಿದರೂ ಇದಕ್ಕೆ ಬದಲಾಗದು. ನಾದ ಅಡಗುವ ಲೆಕ್ಕವೂ ಮೂಲತಃ ನಮ್ಮ ಪಠ್ಯದಲ್ಲಿರುವ ಅವನತ ದೋಲನದ ಸಮೀಕರಣದ ಮೊಮ್ಮಗನೇ.

ವಿದ್ಯಾರ್ಥಿಗೆ ನಾನು 1970ರ ಆ ‘ನೇಚರ್’ ಲೇಖನದ ಪ್ರತಿಯೊಂದನ್ನು ಕೊಟ್ಟೆ. ಒಂದು ವಾರ ಆತ ಕಾಣಿಸಿಕೊಳ್ಳಲಿಲ್ಲ. ಸೋಮವಾರ ಬೆಳಗ್ಗೆ ಬಸ್ಸಿಳಿದು ನೇರವಾಗಿ ಪ್ರಯೋಗಾಲಯಕ್ಕೆ ಬಂದ. ಮೊದಲನೆಯ ಪುಟದ ಅಂಚಿನ ತುಂಬ ಪೆನ್ಸಿಲ್ಲಿನ ಲೆಕ್ಕಗಳಿದ್ದವು. ಎರಡನೆಯ ಪುಟದಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ. ಆ ಸಾಲನ್ನು ನಾನೂ ಎರಡು ಬಾರಿ ಓದಬೇಕಾಯಿತು. ಗಂಟೆ ಹೊಡೆಯುವವರೆಗೆ ಇಬ್ಬರೂ ಕುಳಿತು ಬಿಡಿಸಿದೆವು; ಇನ್ನೂ ಅರ್ಧ ಉಳಿದಿದೆ.